ತಿಮ್ಮಮ್ಮ ಸುಮ್ಮನಾದ ಕಡೆಗಳು

ಹನ್ನೊಂದು ದಿನದಿಂದ ಆ ಪ್ರಬಂಧ ಅನುಪಮಳ ಕಂಪ್ಯೂಟರಿನಲ್ಲಿತ್ತು, ಅದರ ಒಂದು ವಾಕ್ಯವನ್ನೂ ಅವಳು ಓದಿರಲಿಲ್ಲ. ಓದುತ್ತ ಕೂತರೆ ಕಣ್ಣು ಅರ್ಥದ ಬೆನ್ನು ಹತ್ತಿ ಹೋಗುತ್ತದೆ, ಪುಟ ಕಾಣುವುದಿಲ್ಲ. ಒಂಬತ್ತು ವರ್ಷದಿಂದ ಮನೆಯಲ್ಲೇ ಕೂತು ಬೇರೆಯವರ ಪ್ರಬಂಧ, ಪುಸ್ತಕ, ವರದಿಗಳನ್ನು ಓರಣ ಮಾಡಿಕೊಡುತ್ತಿದ್ದವಳಿಗೆ ಅಕ್ಷರಗಳು ಬೂದುಬಣ್ಣದ ಪಟ್ಟಿಗಳಾಗಿ ಕಾಣುತ್ತಿದ್ದವು. ಅವಳು ನೋಡುತ್ತಿದ್ದದ್ದು ಪಟ್ಟಿಗಳ ನಡುವಿನ ಬಿಳಿಯನ್ನು. ಅಧ್ಯಾಯದ ಹೆಸರಿನ ಕೆಳಗೆ ಇಷ್ಟು, ಉಪಶೀರ್ಷಿಕೆಯ ಮೇಲೆ ಇಷ್ಟು, ಪ್ಯಾರಾಗಳ ನಡುವೆ ಇಷ್ಟು. ಆ ಬೆಳಿಗ್ಗೆ ಮಗಳು ಲಾಸ್ಯಳ ಜಡೆ ಹೆಣೆದು, ಡಬ್ಬಿಗೆ ಚಿತ್ರಾನ್ನ ತುಂಬಿ, ಅವಳನ್ನು ಶಾಲೆಯ ವ್ಯಾನು ಹತ್ತಿಸಿ ಬಂದು, ಕುಕ್ಕರಿನ ಎರಡನೇ ಕೂಗಿಗೆ ಕಿವಿಯಿಟ್ಟುಕೊಂಡೇ ಕೊನೆಯ ಸಲ ಪುಟಗಳನ್ನು ಸರಿಸುತ್ತಿದ್ದಳು. ಇಪ್ಪತ್ತಮೂರನೇ ಪುಟದಲ್ಲಿ ಕೈ ನಿಂತಿತು. ಬುಡದಲ್ಲಿ ಒಂದು ಶೀರ್ಷಿಕೆ ತನ್ನ ಪ್ಯಾರಾವನ್ನು ಬಿಟ್ಟು ಒಂಟಿಯಾಗಿ ಉಳಿದಿದೆಯೇನೋ ಎಂಬ ಅನುಮಾನ. ಉಳಿದಿರಲಿಲ್ಲ. ಆದರೆ ನಿಂತ ಕಣ್ಣು ಓದಿಬಿಟ್ಟಿತು. 'ನಿರೂಪಕಿ ಮಾತು ನಿಲ್ಲಿಸಿದ ಕಡೆಗಳಲ್ಲೆಲ್ಲ ಸಾಲುಗಳನ್ನು ಖಾಲಿ ಬಿಡಲಾಗಿದೆ. ಖಾಲಿ ಸಾಲುಗಳ ಸಂಖ್ಯೆ ಆ ಮೌನದ ಉದ್ದಕ್ಕೆ ಅನುಗುಣವಾಗಿದೆ.'

ಕುಕ್ಕರು ಮೂರನೆಯದನ್ನೂ ಕೂಗಿತು, ನಾಲ್ಕನೆಯದನ್ನೂ. "ಅನೂ, ಬೇಳೆ ಕರಗಿ ನೀರಾಗೋಯ್ತು ಕಣೇ," ಎಂದು ಅತ್ತೆ ವೇದವತಿ ದೇವರ ಮನೆಯಿಂದಲೇ ಹೇಳಿದರು. ಅವಳು ಹೋಗಿ ಒಲೆ ಆರಿಸಿ ಬಂದಳು. ಬಂದು ನಾಲ್ಕನೇ ಅಧ್ಯಾಯಕ್ಕೆ ಹೋದಳು. 'ತಿಮ್ಮಮ್ಮನವರ ನಿರೂಪಣೆಗಳು.' ತೊಂಬತ್ತೆರಡು ಪುಟ. ಶೀರ್ಷಿಕೆಗಳ ಮೇಲೆ ಇಪ್ಪತ್ತನಾಲ್ಕು ಪಾಯಿಂಟು ಜಾಗ, ಕೆಳಗೆ ಹನ್ನೆರಡು, ಪ್ಯಾರಾಗಳ ನಡುವೆ ಆರು; ಅಳತೆಪಟ್ಟಿ ಇಟ್ಟು ನೋಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಬರಕೂಡದು, ಬಂದಿರಲಿಲ್ಲ. ಇಡೀ ಅಧ್ಯಾಯದಲ್ಲಿ ಒಂದೇ ಒಂದು ಸಾಲೂ ಖಾಲಿ ಇರಲಿಲ್ಲ. ಎಲ್ಲವನ್ನೂ ಅವಳೇ ತೆಗೆದಿದ್ದಳು, ಮೊದಲನೇ ದಿನವೇ, ಒಂದೇ ಏಟಿಗೆ. ಎರಡು ಎಂಟರ್ ಒಟ್ಟಿಗೆ ಇದ್ದ ಕಡೆಯೆಲ್ಲ ಒಂದು ಮಾಡು ಎಂದು ಹೇಳಿ, ಇನ್ನೇನೂ ಉಳಿದಿಲ್ಲ ಎಂದು ಕಂಪ್ಯೂಟರು ಒಪ್ಪಿಕೊಳ್ಳುವವರೆಗೆ ಅದನ್ನೇ ಮತ್ತೆ ಮತ್ತೆ ಒತ್ತಿದ್ದಳು. ಒಟ್ಟು ಸಾವಿರದ ಚಿಲ್ಲರೆ ಖಾಲಿ ಸಾಲುಗಳು ಹೋದವೆಂದು ಅದು ತೋರಿಸಿದಾಗ, ನೆಲ ಒರೆಸಿ ಬಕೆಟ್ಟಿನ ಕಪ್ಪು ನೀರನ್ನು ನೋಡಿದಾಗ ಆಗುವಂಥ ಒಂದು ಸಣ್ಣ ಸಮಾಧಾನ ಆಗಿದ್ದು ಅವಳಿಗೆ ನೆನಪಾಯಿತು.

ಜಾಗವನ್ನು ಎಂಟರ್ ಒತ್ತಿ ಮಾಡಬಾರದು. ಬಂದವರಿಗೆಲ್ಲ ಅವಳು ಹೇಳುತ್ತಿದ್ದ ಮೊದಲ ಮಾತು ಇದು. ಒತ್ತಿದ ಜಾಗ ನಿಲ್ಲುವುದಿಲ್ಲ. ಮೇಲೆಲ್ಲೋ ಒಂದು ಸಾಲು ಸೇರಿಸಿದರೆ ಕೆಳಗಿನ ನೂರು ಪುಟ ಜರುಗುತ್ತದೆ. ಶೀರ್ಷಿಕೆಗೇ ಹೇಳಿಕೊಡಬೇಕು, ನಿನ್ನ ಮೇಲೆ ಇಷ್ಟು ಜಾಗ, ಕೆಳಗೆ ಇಷ್ಟು ಜಾಗ ಅಂತ. ಆಮೇಲೆ ಅದು ಎಲ್ಲಿಗೆ ಹೋದರೂ ತನ್ನ ಜಾಗವನ್ನು ತನ್ನ ಜೊತೆಗೇ ಒಯ್ಯುತ್ತದೆ. ಟೈಪಿಂಗ್ ಶಾಲೆಯ ಸಿದ್ದಲಿಂಗಸ್ವಾಮಿ ಮೇಷ್ಟ್ರು ಮಾತ್ರ ಜಾಗ ಬೇಕಾದರೆ ಯಂತ್ರದ ಲಿವರನ್ನು ಎರಡು ಸಲ ಎಳೆಯಿರಿ ಎನ್ನುತ್ತಿದ್ದರು. ಹದಿನೆಂಟು ವರ್ಷದ ಅನುಪಮಾ ಎಳೆದು ಎಳೆದು ಎಡಗೈ ಹೆಬ್ಬೆರಳಿನ ಪಕ್ಕ ಗಟ್ಟಿಯಾಗಿದ್ದ ಚರ್ಮ ಮದುವೆಯ ವರ್ಷದವರೆಗೂ ಹೋಗಿರಲಿಲ್ಲ. ಅದನ್ನು ಮುಟ್ಟಿ ನೋಡಿ ಗಂಡ ಸುದರ್ಶನ, ಏನಿದು, ನಿಮ್ಮನೇಲಿ ಕಟ್ಟಿಗೆ ಒಡೀತಿದ್ಯಾ ಎಂದಿದ್ದ. ಈಗ ಅವನು ಸ್ನಾನ ಮುಗಿಸಿ, ನನ್ನ ಕಪ್ಪು ಸಾಕ್ಸ್ ಎಲ್ಲಿ ಎಂದು ಕೇಳುತ್ತಿದ್ದ. ಅವಳು ಬೀರುವಿನ ಎರಡನೇ ಖಾನೆ ಎಂದಳು. ಅಲ್ಲಿ ಇರಲಿಲ್ಲ. ಎದ್ದು ಹೋಗಿ ಮೂರನೇ ಖಾನೆಯಿಂದ ತೆಗೆದುಕೊಟ್ಟಳು.

ಪ್ರಬಂಧ ಬರೆದ ಗೌತಮಿ ಮೊದಲ ಸಲ ಬಂದ ದಿನ ವೇದವತಿ ಹಾಲಿನಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಊರು ಯಾವುದಮ್ಮ ಎಂದರು. ಇಲವಾಲದಿಂದ ಒಳಗೆ, ಅಮ್ಮ. ತಂದೆ ಏನ್ ಮಾಡ್ತಾರೆ? ಪುಟ್ಟಮಾದಯ್ಯ ಅಂತ, ಸ್ಕೂಲ್ ಮೇಷ್ಟ್ರಾಗಿದ್ರು, ಈಗ ರಿಟೈರ್ಡು. ವೇದವತಿಯವರಿಗೆ ಇನ್ನೂ ಬೇಕಾದದ್ದು ಸಿಕ್ಕಿರಲಿಲ್ಲ. ಒಂದು ಕಾಯಿ ಮುರಿದು ಕೇಳಿದರು, "ಮನೆದೇವ್ರು ಯಾವ್ದು?" ಗೌತಮಿ ನಕ್ಕು, "ನಮ್ಮನೇಲಿ ಬುದ್ಧ ಇದಾನೆ ಅಮ್ಮ, ಆದ್ರೆ ನಮ್ಮಜ್ಜಿ ಇರೋಗಂಟ ಅವ್ನ ಮಾತು ನಡೀತಿರ್ಲಿಲ್ಲ," ಎಂದಳು. ವೇದವತಿ "ಓಹೋ" ಎಂದರು. ಆ ಓಹೋ ಎಷ್ಟು ಉದ್ದವಿತ್ತು, ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತು ಎಂಬುದು ಕೋಣೆಯಲ್ಲಿದ್ದ ಮೂವರಿಗೂ ಗೊತ್ತಾಯಿತು. ಆಗ ಅನುಪಮಾ ಏನು ಮಾಡಿದಳು? ಪೆನ್‌ಡ್ರೈವ್ ಚುಚ್ಚಿ ಪರದೆಯನ್ನು ನೋಡಿದಳು. ಹುಡುಗಿ ಹೋದ ಮೇಲೆ ಫೈಲು ತೆರೆದರೆ ಎಲ್ಲೆಂದರಲ್ಲಿ ಒಂದು, ನಾಲ್ಕು, ಏಳು ಖಾಲಿ ಸಾಲುಗಳು. ಪಾಪ, ಯಾರೂ ಹೇಳಿಕೊಟ್ಟಿಲ್ಲ ಅಂದುಕೊಂಡಳು. ಆ 'ಪಾಪ' ಈಗ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ನಿಂತಿತು. ಮೀನು ತಿಂದವಳಲ್ಲ, ಆದರೂ ಹೀಗೇ ಇರಬೇಕು ಎನ್ನಿಸಿತು. ಹೋದ ವರ್ಷ ಪ್ರೊಫೆಸರ್ ಕೃಷ್ಣಸ್ವಾಮಿಯವರ ಪುಸ್ತಕದಲ್ಲೂ ಹೀಗೇ ನಡುನಡುವೆ ಖಾಲಿ ಬಂದಿತ್ತು. ಆಗ ಅವಳು ಫೋನು ಮಾಡಿದ್ದಳು. "ಸಾರ್, ಐವತ್ತನೇ ಪುಟದಲ್ಲಿ ಜಾಗ ಬಿಟ್ಟಿದೀರಲ್ಲ, ಅಲ್ಲಿ ಏನಾದ್ರೂ ಬರೋದಿದ್ಯಾ?" ಅವರು ಗಹಗಹಿಸಿ ನಕ್ಕು, "ಏನಿಲ್ಲಮ್ಮ, ಮೊಮ್ಮಗ ಕೀಬೋರ್ಡ್ ಮೇಲೆ ಕೂತಿದ್ದ," ಎಂದಿದ್ದರು. ಮೊಮ್ಮಗ ಕೂತು ಮಾಡಿದ ಜಾಗಕ್ಕೆ ಒಂದು ಫೋನು. ಗೌತಮಿಯನ್ನು ಯಾಕೆ ಕೇಳಲಿಲ್ಲ? ಅವಳು ಬೇಕೆಂದೇ ಈ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಎದ್ದು, ಸಾರಿಗೆ ಹುಣಸೆಹಣ್ಣು ನೆನೆಹಾಕಿದಳು.

ಇವತ್ತು ಕೊನೆಯ ದಿನ. ಗೌತಮಿಯ ಪಿಎಚ್.ಡಿ. ನೋಂದಣಿಯ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಒಂದು ಸಲ ಮುಂದಕ್ಕೆ ಹಾಕಿಸಿಕೊಂಡಾಗಿತ್ತು, ಮತ್ತೊಮ್ಮೆ ಕೊಡುವುದಿಲ್ಲ. ಸಂಜೆ ಐದರೊಳಗೆ ಐದು ಪ್ರತಿಗಳು ವಿಶ್ವವಿದ್ಯಾನಿಲಯದ ಆಫೀಸಿನ ಮೇಜಿನ ಮೇಲಿರಬೇಕು. ಬೈಂಡಿಂಗ್ ಅಂಗಡಿಯ ಶಿವಕಿರಣ್ ಒಂದು ಗಂಟೆಗೆ ಫೈಲು ಕೊಟ್ಟರೆ ಮಾತ್ರ ಎಂದಿದ್ದ. ಸುದರ್ಶನ ಹೊರಟ. ವೇದವತಿ ಪೇಪರು ಹಿಡಿದು ಬಾಲ್ಕನಿಗೆ ಹೋದರು. ಗೌತಮಿ ಪೆನ್‌ಡ್ರೈವಿನಲ್ಲಿ ತಂದಿದ್ದ ಮೊದಲ ಫೈಲನ್ನು ಅನುಪಮಾ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದಳು. ಅದರಲ್ಲಿ ಖಾಲಿ ಸಾಲುಗಳೆಲ್ಲ ಇದ್ದವು. ಎದೆ ಹಗುರಾಯಿತು. ಯಾರಿಗೂ ಹೇಳದೆ ನೋಡಿಕೊಂಡು ಕೂರಿಸಿಬಿಡಬಹುದು. ಅರ್ಧ ಗಂಟೆ ಕೂತ ಮೇಲೆ ಆಗದೆಂದು ತಿಳಿಯಿತು. ಆಮೇಲೆ ಗೈಡ್ ರಮಾಮಣಿ ಮೇಡಂ ನಿರೂಪಣೆಗಳನ್ನು ಹಿಂದುಮುಂದು ಮಾಡಿಸಿದ್ದರು, ಅರ್ಧಕ್ಕರ್ಧ ತುಂಡು ಮಾಡಿಸಿದ್ದರು. ಅದಕ್ಕಿಂತ ಕಷ್ಟವೆಂದರೆ ಗೌತಮಿ ಮಾಮೂಲಿ ಪ್ಯಾರಾಗಳ ನಡುವೆಯೂ ಎಂಟರ್ ಒತ್ತಿದ್ದಳು, ಶೀರ್ಷಿಕೆಯನ್ನು ಮುಂದಿನ ಪುಟಕ್ಕೆ ತಳ್ಳಲು ಆರೇಳು ಸಲ ಒತ್ತಿದ್ದಳು. ಯಾವುದು ಪುಟ ತಳ್ಳಿದ ಖಾಲಿ, ಯಾವುದು ಮುದುಕಿ ಸುಮ್ಮನಾದ ಖಾಲಿ? ಬಿಳಿಗೂ ಬಿಳಿಗೂ ವ್ಯತ್ಯಾಸ ಕಾಣಲಿಲ್ಲ. ಒಂಬತ್ತು ವರ್ಷ ಬಿಳಿಯನ್ನೇ ನೋಡಿದ ಕಣ್ಣಿಗೆ.

ಇನ್ನೊಂದು ದಾರಿ ಇತ್ತು. ಅದು ಅವಳಿಗೆ ಮೊದಲೇ ಹೊಳೆದಿತ್ತು, ಹೊಳೆದಿಲ್ಲವೆಂಬಂತೆ ಇದ್ದಳು. ಇಪ್ಪತ್ತಮೂರನೇ ಪುಟದ ಆ ಎರಡು ವಾಕ್ಯಗಳನ್ನು ತೆಗೆದುಬಿಟ್ಟರೆ ಆಯಿತು. ಆಗ ಪ್ರಬಂಧದಲ್ಲಿ ಏನೂ ತಪ್ಪಿರುವುದಿಲ್ಲ. ಖಾಲಿ ಬಿಟ್ಟಿದ್ದೇವೆ ಎಂದು ಯಾರೂ ಹೇಳಿರುವುದಿಲ್ಲ, ಖಾಲಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಆ ಹುಡುಗಿ ತಿಂಗಳಿಂದ ನಿದ್ದೆಗೆಟ್ಟಿದ್ದಾಳೆ, ಅವಳೇ ಗಮನಿಸಿಲ್ಲ. ಅನುಪಮಾ ವಾಕ್ಯಗಳ ಮೇಲೆ ಮೌಸ್ ಎಳೆದಳು. ಎರಡೂ ನೀಲಿಯಾದವು. ಡಿಲೀಟ್ ಕೀಲಿಯ ಮೇಲೆ ಬೆರಳಿತ್ತು. ಬಾಲ್ಕನಿಯಿಂದ ಅತ್ತೆ, "ತರಕಾರಿಯವ್ನು ಬಂದ, ಸೊಪ್ಪು ಬೇಕೇನೇ?" ಎಂದರು. "ಬೇಡ ಅತ್ತೆ," ಎಂದಳು. ದನಿ ತನ್ನದಲ್ಲವೆಂಬಂತೆ ಕೇಳಿತು, ಸುಳ್ಳು ಹೇಳುವಾಗ ಲಾಸ್ಯಳ ದನಿ ಹೀಗೆ ತೆಳುವಾಗುತ್ತದೆ. ಬೆರಳು ತೆಗೆದು ಫೋನು ಹಿಡಿದಳು.

"ಗೌತಮಿ, ನಾನು ಅನುಪಮಾ. ಒಂದು ತಪ್ಪಾಗಿದೆ."

ಖಾಲಿ ಸಾಲುಗಳ ವಿಷಯವನ್ನೆಲ್ಲ ಹೇಳಿ ಮುಗಿಸಿದಳು. ಆಚೆಯಿಂದ ಗೌತಮಿ, "ಎಲ್ಲಾನೂ ಹೋಗಿದ್ಯಾ ಅಕ್ಕ?"

"ಎಲ್ಲಾನೂ."

"ಆ ಖಾಲಿ ಬಿಡೋದಕ್ಕೆ ರಮಾಮಣಿ ಮೇಡಂನ ಒಪ್ಸೋಕೆ ನಂಗೆ ಎರಡು ವರ್ಷ ಆಯ್ತು," ಎಂದಳು ಗೌತಮಿ. ಬೈಯುತ್ತಿರಲಿಲ್ಲ, ದಣಿದು ಹೇಳುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು. "ರೆಕಾರ್ಡಿಂಗೆಲ್ಲ ನನ್ ಫೋನಲ್ಲೇ ಅದೆ. ಬಂದ್ಬುಟ್ಟೆ, ಇರಿ."

ಹತ್ತೂಮುಕ್ಕಾಲಿಗೆ ಸ್ಕೂಟರು ಬನ್ನಿಮಂಟಪದ ಅವರ ಮನೆಯ ರಸ್ತೆಗೆ ತಿರುಗಿದ ಸದ್ದಾಯಿತು. ಗೌತಮಿ ಹೆಲ್ಮೆಟ್ ಹಿಡಿದೇ ಒಳಗೆ ಬಂದಳು. ಹಣೆಯ ಮೇಲೆ ಅದರ ಗೆರೆ ಮೂಡಿತ್ತು. ಅನುಪಮಾ ಏನೇನೋ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಳು. ಗೌತಮಿ, "ಕುರ್ಚಿ ಇನ್ನೊಂದು ಇದ್ಯಾ ಅಕ್ಕ?" ಎಂದಷ್ಟೇ ಕೇಳಿದಳು. ಲಾಸ್ಯ ಓದಲು ಕೂರುವ ಗಿಡ್ಡ ಕುರ್ಚಿಯಿತ್ತು, ಅದನ್ನೇ ಎಳೆದುಕೊಂಡಳು. ರೆಕಾರ್ಡಿಂಗುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡರು. ನಲವತ್ತೊಂದು ಕಡೆ ಅಜ್ಜಿ ಸುಮ್ಮನಾಗಿದ್ದಾಳೆ ಎಂದು ಗೌತಮಿ ಹೇಳಿದಳು. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದರ ನಿಮಿಷ, ಸೆಕೆಂಡು ಬರೆದಿತ್ತು. ಸಾಲುಗಳ ಲೆಕ್ಕ ಮಾತ್ರ ಬರೆದಿರಲಿಲ್ಲ. "ಅದು ಕೇಳಿಸ್ಕೊಂಡೇ ಮಾಡಿದ್ದು. ನಾನು ಟೈಪ್ ಮಾಡ್ತಾ ಅಜ್ಜಿ ನಿಲ್ಸಿದ್ರೆ ನಾನೂ ಸುಮ್ನೆ ಕೂತ್ಕಬುಡೋಳು. ಒಂದು ಉಸಿರಿಗೆ ಒಂದು ಸಾಲು."

"ಹಂಗಾದ್ರೆ ಉಸಿರಿಗೆ ಹನ್ನೆರಡು ಪಾಯಿಂಟು ಹಾಕ್ತೀನಿ," ಎಂದಳು ಅನುಪಮಾ. "ಎಂಟರ್ ಬೇಡ. ಮುಂದಿನ ಮಾತಿನ ಮೇಲೇ ಜಾಗ ಕೊಟ್ಬಿಡ್ತೀನಿ, ಯಾರು ಏನು ಸೇರಿಸಿದ್ರೂ ಕದಲಲ್ಲ."

"ನಿಮಗೆ ಹೆಂಗೆ ಅನುಕೂಲವೋ ಹಂಗೆ."

ಸ್ಪೀಕರಿನಿಂದ ಗೌತಮಿಯ ಅಜ್ಜಿ ತಿಮ್ಮಮ್ಮ ಬಂದರು. ಹೋದ ಕಾರ್ತಿಕದಲ್ಲಿ ತೀರಿಕೊಂಡವರ ದನಿ ಊಟದ ಮೇಜಿನ ಪಕ್ಕದಲ್ಲಿ, ಇಸ್ತ್ರಿಗೆ ಕಾದ ಬಟ್ಟೆಗಳ ರಾಶಿಯ ಮೇಲೆ. "ನೀರು ಅಂದ್ರೆ ಏನಂದ್ಕಂಡಿದ್ದೀಯವ್ವ? ನಲ್ಲಿ ತಿರುಗ್ಸಿದ್ರೆ ಬತ್ತದೆ ಅಂದ್ಕಂಡಿದ್ದೀಯ. ಬಾವಿ ಕಟ್ಟೆಯಿಂದ ಈಚೆಗೆ ನಿಂತ್ಕಬೇಕು. ಯಾರಾರ ಬರಗಂಟ ನಿಂತ್ಕಬೇಕು." ಅಷ್ಟೇ. ಆಮೇಲೆ ಒಂದು ಕೋಳಿ, ದೂರದ ಟ್ರ್ಯಾಕ್ಟರು. ಗೌತಮಿ ಮಡಿಲ ಮೇಲೆ ಒಂದೊಂದೇ ಬೆರಳು ಬಿಚ್ಚಿದಳು. ಮೂರು. "ಬಂದೋರು ಉಯ್ದರೆ ಉಯ್ದರು," ಎಂದು ತಿಮ್ಮಮ್ಮ ಮುಂದುವರಿದರು. ಅನುಪಮಾ ಮೂವತ್ತಾರು ಎಂದು ಹಾಕಿದಳು. ಪರದೆಯ ಮೇಲೆ ಆ ಮಾತು ಕೆಳಗೆ ಸರಿದು, ನಡುವೆ ಬಿಳಿ ತೆರೆದುಕೊಂಡಿತು.

ಎರಡು, ಮೂರು, ನಾಲ್ಕು. ಪ್ರತಿ ಸಲವೂ ಹುಡುಕಬೇಕು, ಕೇಳಬೇಕು, ಕಾಯಬೇಕು. ಕಾಯುವುದನ್ನು ಮಾತ್ರ ಬೇಗ ಮಾಡಲು ಬರುತ್ತಿರಲಿಲ್ಲ. ಹನ್ನೊಂದನೆಯದರ ಹೊತ್ತಿಗೆ ಅನುಪಮಾ ಎದ್ದು ಸಾರಿಗೆ ಒಗ್ಗರಣೆ ಹಾಕಿ ಬಂದಳು. ಸಾಸಿವೆ ಸಿಡಿದು ಮೊಣಕೈಗೆ ತಾಗಿತ್ತು. ಅನುಪಮಳ ಅಜ್ಜಿಯ ಮನೆಯ ಹಿತ್ತಿಲಿನಲ್ಲಿ ಒಂದು ಬಾವಿಯಿತ್ತು, ರಾಟೆಯ ಕೀರಲು ಬೀದಿಗೆ ಕೇಳುತ್ತಿತ್ತು. ಹಿಂದಿನ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಿದ್ದಳು, ಅಜ್ಜಿ ತೋಳೆತ್ತಿ ಮೇಲಿನಿಂದ ಸುರಿಯುತ್ತಿದ್ದರು, ನೀರು ಹಗ್ಗದ ಹಾಗೆ ಹೊಳೆಯುತ್ತ ಇಳಿಯುತ್ತಿತ್ತು. ಐದು ವರ್ಷದ ಅನುಪಮಳಿಗೆ ಅದು ಆಟದಂತೆ ಚೆಂದ ಕಂಡಿತ್ತು; ನಾನೂ ಸುರೀತೀನಿ ಎಂದು ಹಟ ಮಾಡಿದ್ದಳು. ಆ ಹೆಂಗಸಿನ ಮುಖ ನೆನಪಿಲ್ಲ. ಬೊಗಸೆ ನೆನಪಿದೆ. ಮೂವತ್ತಾರು ವರ್ಷ ಅದು ಬರೀ ಚೆಂದದ ನೀರಾಗಿಯೇ ಉಳಿದಿತ್ತಲ್ಲ ಎಂದು ಸೌಟು ಹಿಡಿದು ನಿಂತಳು.

ಹಾಲಿಗೆ ವೇದವತಿ ಬಂದರು. ಬಂದವರು ಸ್ಪೀಕರಿನ ಕಡೆ ನೋಡಿ, "ಯಾರೇ ಅದು, ಮಾತಾಡ್ತಾ ಮಾತಾಡ್ತಾ ಮರ್ತುಬಿಡೋದು?" ಎಂದರು.

"ನಮ್ಮಜ್ಜಿ ಅಮ್ಮ," ಎಂದಳು ಗೌತಮಿ. "ಮರೆಯೋ ಪೈಕಿ ಅಲ್ಲ. ನಾನು ಒಂದನೇ ಕ್ಲಾಸಲ್ಲಿ ಕದ್ದ ಬೆಲ್ಲಾನೂ ಲೆಕ್ಕ ಇಟ್ಟಿದ್ರು."

ವೇದವತಿ ನಗಲೋ ಬೇಡವೋ ಎಂಬಂತೆ ನಿಂತು, ಒಳಗೆ ಹೋದರು. ಅನುಪಮಾ ಪರದೆಯನ್ನು ನೋಡುತ್ತಲೇ ಹೇಳಿದಳು, "ಗೌತಮಿ, ನಾನು ನಿಮ್ಮನ್ನ ಕೇಳ್ಬೇಕಿತ್ತು. ನಿಮಗೆ ಬರಲ್ಲ ಅಂದ್ಕೊಂಡುಬಿಟ್ಟೆ. ಗೊತ್ತಿಲ್ದೆ ಎಂಟರ್ ಒತ್ತಿದೀರ ಅಂತ."

"ಗೊತ್ತು ಅಕ್ಕ."

"ಏನು ಗೊತ್ತು?"

"ಮೊದ್ಲನೇ ದಿನ ಫೋನ್ ಮಾಡಿ, 'ಎಲ್ಲಾ ಕ್ಲೀನ್ ಮಾಡಿದೀನಿ ಕಣಮ್ಮ, ಇನ್ಮೇಲೆ ಹೀಗೆ ಮಾಡ್ಬೇಡಿ' ಅಂದ್ರಲ್ಲ. ಆಗ್ಲೇ." ಗೌತಮಿ ನೋಟ್‌ಬುಕ್ಕಿನ ಹಾಳೆ ತಿರುಗಿಸಿದಳು. "ನಾನು ಶೀರ್ಷಿಕೆ ಜಾಗ ಮಾತ್ರ ಅಂದ್ಕಂಡೆ. ತೆಗೆದು ನೋಡ್ಬೇಕಿತ್ತು. ನೋಡ್ನಿಲ್ಲ. ಅಷ್ಟು ಒಪ್ಪವಾಗಿ ಮಾಡ್ಕೊಟ್ಟಿದ್ರಿ, ನೋಡಿದ್ರೆ ನಂಬಿಕೆ ಇಲ್ಲ ಅಂದಂಗಾಗ್ತದೆ ಅಂತ. ಹದಿನೆಂಟನೇದು ಹಾಕ್ಲಾ?"

ಹಾಕಿದಳು. ಇಪ್ಪತ್ತೇಳನೆಯದು ಸರಿಯಾಗಿ ಪುಟದ ತಲೆಗೆ ಬಂತು. ಪುಟದ ತಲೆಯಲ್ಲಿ ಬಿದ್ದ ಜಾಗವನ್ನು ಕಂಪ್ಯೂಟರು ತಾನೇ ನುಂಗಿಬಿಡುತ್ತದೆ. ಎಂಬತ್ತನಾಲ್ಕು ಪಾಯಿಂಟು ಕೊಟ್ಟರೂ ಮಾತು ಅಂಚಿಗೆ ಅಂಟಿಕೊಂಡೇ ನಿಂತಿತು. ಅನುಪಮಾ ಎರಡು ಸಲ ಪ್ರಯತ್ನಿಸಿದಳು. ಆಮೇಲೆ ಆ ಮಾತಿನ ಮುಂದೆ ಕರ್ಸರ್ ಇಟ್ಟು, ಎಂಟರ್ ಒತ್ತಿದಳು. ಏಳು ಸಲ. ಗೌತಮಿ ಅವಳನ್ನು ನೋಡಿ, "ಅಕ್ಕ, ಇನ್ಮೇಲೆ ಹೀಗೆ ಮಾಡ್ಬೇಡಿ," ಎಂದಳು. ಇಬ್ಬರಿಗೂ ನಗು ಬಂತು, ಬಂದದ್ದು ಬೇಗ ಹೋಯಿತು. ಒಂದಾಗಲು ಹತ್ತು ನಿಮಿಷವಿತ್ತು. ಶಿವಕಿರಣ್ ಮೂರನೇ ಸಲ ಫೋನು ಮಾಡಿದ. "ಅಕ್ಕೋ, ಐದು ಪ್ರತಿ ಹೊಲಿಬೇಕು, ಗೋಂದು ಒಣಗ್ಬೇಕು. ನಾನೇನು ಊದಿ ಒಣಗ್ಸಕ್ಕಾಗ್ತದ? ಒಂದು ಗಂಟೆ ಮೇಲೆ ಒಂದು ನಿಮಿಷ ಆದ್ರೂ ನಾನು ಜವಾಬ್ದಾರ ಅಲ್ಲ."

ಮೂವತ್ತೊಂದನೆಯದಕ್ಕೆ ಜಾಗ ಕೊಟ್ಟಾಗ ಗೌತಮಿ ನೋಟ್‌ಬುಕ್ಕು ಮುಚ್ಚಿದಳು. "ಸಾಕು ಅಕ್ಕ. ಕಳಿಸಿ."

"ಇನ್ನು ಹತ್ತಿದೆ."

"ಇದೆ."

"ಶಿವಕಿರಣ್‌ಗೆ ನಾನು ಮಾತಾಡ್ತೀನಿ. ಅರ್ಧ ಗಂಟೆ ಕೇಳ್ತೀನಿ."

"ಅರ್ಧ ಗಂಟೇಲಿ ಆಗಲ್ಲ ಅಕ್ಕ. ಕೊನೇವೆಲ್ಲ ದೊಡ್ಡವು." ಗೌತಮಿ ಬೆರಳಿನ ಗೆಣ್ಣುಗಳಿಂದ ಕಣ್ಣುಜ್ಜಿಕೊಂಡಳು. "ಇವತ್ತು ತಪ್ಪಿದ್ರೆ ಆರು ವರ್ಷ ಹೋಯ್ತು. ಅಜ್ಜಿನೂ ಹಂಗೇ ಅನ್ನೋರು, ಕೊಟ್ಬುಟ್ಟು ಬಾ ಅಂತ. ಇಪ್ಪತ್ತಮೂರನೇ ಪುಟ ತೆಗೀರಿ. 'ಕಡೆಗಳಲ್ಲೆಲ್ಲ' ಅಂತ ಇದೆಯಲ್ಲ, ಅದನ್ನ ತೆಗೆದು 'ಕಡೆಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ' ಅಂತ ಹಾಕಿ."

ಅನುಪಮಾ ಟೈಪು ಮಾಡಿದಳು. ಸಾಧ್ಯವಾದಷ್ಟು ಮಟ್ಟಿಗೆ. ಎರಡೇ ಪದ, ಎಲ್ಲ ಕೀಲಿಗಳೂ ಬೆರಳಿಗೆ ಭಾರವಾಗಿ ಸಿಕ್ಕವು. ಇಷ್ಟೆಲ್ಲ ಸೇರಿಸಿದರೂ ಒಂದು ಶೀರ್ಷಿಕೆಯೂ ಒಂಟಿಯಾಗಿ ಬುಡಕ್ಕೆ ಬಿದ್ದಿರಲಿಲ್ಲ, ಪರಿವಿಡಿಯ ಪುಟಸಂಖ್ಯೆಗಳು ತಾವಾಗಿಯೇ ಸರಿಹೋದವು. ಅವಳ ಕೆಲಸ ಅಚ್ಚುಕಟ್ಟಾಗಿತ್ತು. ಅದನ್ನು ಗೌತಮಿಯೂ ನೋಡಿದಳು, "ಎಷ್ಟು ಚೆನ್ನಾಗಿ ನಿಂತಿದೆ," ಎಂದಳು, ಮನಸ್ಸಿನಿಂದಲೇ. ಆ ಹೊಗಳಿಕೆಯನ್ನು ಎಲ್ಲಿಡಬೇಕೆಂದು ಅನುಪಮಳಿಗೆ ತಿಳಿಯಲಿಲ್ಲ. ಫೈಲು ಹೋಯಿತು. ಊಟ ಮಾಡಿಕೊಂಡು ಹೋಗಿ ಎಂದಳು. ಶಿವಕಿರಣನ ಅಂಗಡಿಯಲ್ಲೇ ಕೂತಿರುತ್ತೇನೆ, ಇಲ್ಲದಿದ್ದರೆ ಅವನು ಮದುವೆ ಕಾರ್ಡಿನ ಕೆಲಸ ಹಿಡಿದುಕೊಳ್ಳುತ್ತಾನೆ ಎಂದು ಗೌತಮಿ ಹೆಲ್ಮೆಟ್ ಹಾಕಿಕೊಂಡಳು.

ಮಧ್ಯಾಹ್ನ ಅತ್ತೆಗೆ ಬಡಿಸಿದಳು, ತಾನು ತಿಂದಳು. ಪಾತ್ರೆ ತೊಳೆದಳು. ಮಹಡಿಯ ಮೇಲಿನ ಬಟ್ಟೆ ತಂದು ಮಡಿಸಿದಳು. ಲಾಸ್ಯಳ ಸಮವಸ್ತ್ರದ ಕಾಲರಿನ ಇಂಕು ಹೋಗಿರಲಿಲ್ಲ. ಲಾಸ್ಯ ಬಂದಳು, ಡಬ್ಬಿಯಲ್ಲಿ ಅರ್ಧ ಚಿತ್ರಾನ್ನ ಹಾಗೇ ಇತ್ತು, ಕಡ್ಲೆಬೀಜವನ್ನೆಲ್ಲ ಆರಿಸಿ ತಿಂದಿದ್ದಳು. ಐದಾದ ಮೇಲೆ ಹತ್ತು ನಿಮಿಷಕ್ಕೆ ಗೌತಮಿಯ ಫೋನು. "ತಗೊಂಡ್ರು ಅಕ್ಕ. ಸೀಲ್ ಹೊಡ್ದು ಕೊಟ್ರು." ಹಿಂದೆ ಯಾರೋ ನಗುತ್ತಿದ್ದರು, ಸ್ಕೂಟರುಗಳ ಸದ್ದಿತ್ತು. ಒಳ್ಳೇದಾಯ್ತು ಎಂದಳು ಅನುಪಮಾ. ಇನ್ನೇನೋ ಹೇಳುವಷ್ಟರಲ್ಲಿ ಕರೆ ಕಡಿದುಹೋಯಿತು.

ಹಾಲು ಕಾಯಿಸಿ ಕೊಟ್ಟು ಬಂದು ಕಂಪ್ಯೂಟರಿನ ಮುಂದೆ ಕೂತಳು. ನಾಳೆಗೆ ಒಂದು ಕಾಲೇಜಿನ ವಾರ್ಷಿಕ ಸಂಚಿಕೆ ಕಾದಿತ್ತು. ಅದನ್ನು ತೆರೆಯಲಿಲ್ಲ. ಪ್ರಬಂಧದ ಫೈಲನ್ನೇ ತೆರೆದಳು. ಅದು ಈಗ ಯಾರಿಗೂ ಬೇಕಾಗಿಲ್ಲ, ಐದು ಪ್ರತಿಗಳೂ ಹೊಲಿದು ಅಂಟಿಸಿ ಆಗಿದೆ. ಗೌತಮಿ ಮರೆತು ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ ಮೂವತ್ತೆರಡನೆಯದರ ನಿಮಿಷ ನೋಡಿ, ಅಲ್ಲಿಗಿಂತ ಸ್ವಲ್ಪ ಹಿಂದಿನಿಂದ ರೆಕಾರ್ಡಿಂಗು ಹಚ್ಚಿದಳು. ಲಾಸ್ಯ ಹಾಲಿನ ಲೋಟ ಹಿಡಿದು ಬಂದು ಅವಳ ತೋಳಿಗೆ ಒರಗಿ ನಿಂತಳು.

"ಆವತ್ತು ಆಯಮ್ಮ ಉಯ್ಯನಿಲ್ಲ," ಎಂದರು ತಿಮ್ಮಮ್ಮ. "ತುಂಬಿದ ಬಿಂದಿಗೆ ಕೈಲಿತ್ತು. ಸುಮ್ಕೆ ನಿಂತ್ಕಂಡು ನನ್ನ ನೋಡುದ್ಲು."

ಆಮೇಲೆ ಏನೂ ಇಲ್ಲ. ಕೋಳಿಯೂ ಇಲ್ಲ, ಟ್ರ್ಯಾಕ್ಟರೂ ಇಲ್ಲ. ಅನುಪಮಾ ಎಡಗೈಯ ಬೆರಳುಗಳನ್ನು ಮಡಿಲ ಮೇಲೆ ಇಟ್ಟುಕೊಂಡು ತನ್ನ ಉಸಿರನ್ನು ಎಣಿಸತೊಡಗಿದಳು. ನಾಲ್ಕು, ಐದು. ಒಂದು ಕೈ ಮುಗಿಯಿತು, ಇನ್ನೊಂದು ಕೈ ಶುರುವಾಯಿತು.

"ಅಮ್ಮ, ಆಫ್ ಆಗೋಯ್ತು," ಎಂದಳು ಲಾಸ್ಯ.

"ಇಲ್ಲ ಕಣಮ್ಮ. ಅಜ್ಜಿ ಇದಾರೆ. ಸ್ವಲ್ಪ ಇರು."